ಒಳಲೆ, ಎಣ್ಣೆ ಮತ್ತು ನಾಲಿಗೆಯ ಕೆಳಗಿನ ದಾರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಾಣಂತಿ ಕೋಣೆಯ ಒಳಗೆ ಏನು ನಡೆಯುತ್ತದೆ ಎಂಬುದು ಗಂಡಸರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಹಂಡೆಗೆ ನೀರು ತುಂಬುವುದು, ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುವುದು, ಪೇಟೆಯಿಂದ ಸಾಮಾನು ತರುವುದು, ಇಷ್ಟಕ್ಕೆ ನಮ್ಮ ಪಾಲು ಮುಗಿಯುತ್ತದೆ. ನನ್ನ ಇಬ್ಬರು ಮಕ್ಕಳ ಕಾಲದಲ್ಲಿ ನನ್ನದೂ ಅಷ್ಟೇ ಪಾಲು. ಆಗ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಸ್ವಲ್ಪ ವರ್ಷ ಸಿದ್ದಾಪುರ, ಸ್ವಲ್ಪ ವರ್ಷ ಯಲ್ಲಾಪುರ, ಕೊನೆಗೆ ಶಿರಸಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಕಾಣುವುದು ದೀಪ ಹಚ್ಚಿದ ಮೇಲೆ. ಈಗ ಎಪ್ಪತ್ತು ದಾಟಿದೆ. ಕಳೆದ ಮಳೆಗಾಲ ಮಗಳು ಬಾಣಂತನಕ್ಕೆ ಬಂದಾಗ ಮೂರು ಹೊತ್ತೂ ಮನೆಯಲ್ಲೇ ಇದ್ದೆ. ಆಗ ಕಂಡದ್ದನ್ನು, ಆಮೇಲೆ ಡಾಕ್ಟರರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಬಿ.ಕಾಂ. ಓದಿದವನು. ಲೆಕ್ಕ ಇಡುವುದಷ್ಟು ಗೊತ್ತು.

ವಿಷಯ ಹಾಲಿನದು. ಹುಟ್ಟಿದ ಮಗು ಎದೆಹಾಲನ್ನು ಸರಿಯಾಗಿ ಕುಡಿಯದಿದ್ದರೆ ಇವತ್ತು ಮನೆಯವರ ಮುಂದೆ ಮೂರು ದಾರಿ ಕಾಣಿಸುತ್ತವೆ. ಒಂದು, ನಮ್ಮ ಹಳೆಯ ಎಣ್ಣೆ-ನೀರು. ಎರಡು, ನಾಲಿಗೆಯ ಕೆಳಗಿನ ದಾರ ಗಿಡ್ಡವಾಗಿದೆ ಎಂದು ಅದನ್ನು ಕತ್ತರಿಸುವ ಸಣ್ಣ ಶಸ್ತ್ರಕ್ರಿಯೆ. ಇದಕ್ಕೆ ‘ಟಂಗ್ ಟೈ’ ಎಂಬ ಹೆಸರು ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಮೂರನೆಯದು ಬೆಂಗಳೂರಿನಂಥ ಊರುಗಳಲ್ಲಿ ಹೊಸದಾಗಿ ಕೇಳಿಬರುತ್ತಿರುವ ‘ಬಾಡಿವರ್ಕ್’. ಮಗುವಿನ ತಲೆ, ಕುತ್ತಿಗೆ, ಬೆನ್ನು, ದವಡೆಗಳನ್ನು ಬಹಳ ಹಗುರವಾಗಿ ಮುಟ್ಟಿ ಅಲ್ಲಿನ ಬಿಗಿ ಬಿಡಿಸಿದರೆ ಮಗು ಹಾಲು ಕುಡಿಯುತ್ತದೆ ಎನ್ನುವ ಚಿಕಿತ್ಸೆ. ಈ ಮೂರೂ ನಮ್ಮ ಮನೆಯ ಜಗಲಿಯಲ್ಲಿ ಒಂದೇ ವಾರದಲ್ಲಿ ಚರ್ಚೆಗೆ ಬಂದವು.

ಮೊಮ್ಮಗಳು ಹುಟ್ಟುವಾಗ 2 ಕಿಲೋ 900 ಗ್ರಾಂ ಇದ್ದಳು. ಏಳನೆಯ ದಿನ ಆಶಾ ಕಾರ್ಯಕರ್ತೆ ಬಂದು ಜೋಳಿಗೆಯ ತಕ್ಕಡಿಯಲ್ಲಿ ತೂಗಿದಾಗ 2 ಕಿಲೋ 640. ಹುಟ್ಟಿದ ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಏಳರ ತನಕ ಚಿಂತೆಯಿಲ್ಲ, ಹತ್ತು ದಾಟಿದರೆ ತಡ ಮಾಡಬಾರದು ಎನ್ನುತ್ತಾರೆ. ನಾನು ಕೂತು ಲೆಕ್ಕ ಹಾಕಿದೆ. ನೂರಕ್ಕೆ ಒಂಬತ್ತು ಬಂತು. ಹತ್ತಕ್ಕೆ ಒಂದೇ ಕಮ್ಮಿ.

ಕೂಸು ಎದೆಗೆ ಬಾಯಿ ಹಾಕುತ್ತಿತ್ತು. ನಾಲ್ಕು ಸಲ ಚೀಪಿ ‘ಟಕ್ ಟಕ್’ ಎಂಬ ಸದ್ದು ಮಾಡಿ ಬಿಡುತ್ತಿತ್ತು. ಐದು ನಿಮಿಷಕ್ಕೆ ನಿದ್ದೆ, ಹತ್ತು ನಿಮಿಷಕ್ಕೆ ಎದ್ದು ಅಳು. ಮಗಳ ಮೊಲೆತೊಟ್ಟು ಒಡೆದು ರಕ್ತ ಬರತೊಡಗಿತ್ತು. ಹಾಲೂಡಿಸುವ ಹೊತ್ತು ಬಂತೆಂದರೆ ಅವಳು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. “ಅಪ್ಪಾ, ಇದು ಕುಡಿದ ಹಾಂಗೆ ಕಾಣ್ತು, ಆದ್ರೆ ಹೊಟ್ಟೆ ತುಂಬ್ತಿಲ್ಲೆ,” ಎಂದು ಒಂದು ರಾತ್ರಿ ಅಂದಳು. ಹೊರಗೆ ಮಳೆ ಹೊಡೆಯುತ್ತಿತ್ತು. ಒಲೆಯ ಮೇಲಿನ ಹಗ್ಗದಲ್ಲಿ ಒಣಗದ ಲಂಗೋಟಿಗಳು ತೂಗುತ್ತಿದ್ದವು. ಅವುಗಳನ್ನು ಎಣಿಸಬೇಕು ಎಂದು ನನಗೆ ಹೊಳೆದದ್ದು ಆಗಲೇ.

ಹಳೆಯದೊಂದು ಖಾಲಿ ಲೆಡ್ಜರ್ ಮನೆಯಲ್ಲಿತ್ತು. ಎಡಕ್ಕೆ ಜಮೆ: ಎಷ್ಟು ಗಂಟೆಗೆ, ಎಷ್ಟು ನಿಮಿಷ ಹಾಲು. ಬಲಕ್ಕೆ ಖರ್ಚು: ಎಷ್ಟು ಒದ್ದೆ, ಎಷ್ಟು ಮಲ. ಹೆಂಡತಿ ನಕ್ಕಳು, “ಮೊಮ್ಮಗಳಿಗೂ ಪಾಸ್‌ಬುಕ್ ಮಾಡಿದ್ರಾ?” ಆದರೆ ಎಂಟನೆಯ ದಿನ ಆ ಬಲಬದಿಯಲ್ಲಿ ಮೂರೇ ಒದ್ದೆ ಇತ್ತು. ಐದಾರು ದಿನ ಕಳೆದ ಮಗು ದಿನಕ್ಕೆ ಆರಾದರೂ ಒದ್ದೆ ಮಾಡಬೇಕು. ಹಾಲು ಒಳಗೆ ಹೋಗುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿ ಇದಕ್ಕಿಂತ ಸುಲಭದ ದಾರಿಯಿಲ್ಲ ಎಂದು ಆಶಾ ಕಾರ್ಯಕರ್ತೆಯೇ ಹೇಳಿ ಹೋಗಿದ್ದಳು.

ನಮ್ಮಲ್ಲಿ ಮಗು ಮೀಯಿಸಲು ಬರುವವಳು ಅರವತ್ತು ದಾಟಿದ ಹೆಂಗಸು. ನನ್ನ ಮಕ್ಕಳನ್ನು ಮೀಯಿಸಿದ್ದು ಅವಳ ಅತ್ತೆ. ಅವಳ ಕೆಲಸವನ್ನು ಬಚ್ಚಲ ಬಾಗಿಲಲ್ಲಿ ನಿಂತು ನಾನು ಪೂರ್ತಿ ನೋಡಿದ್ದು ಈ ಸಲವೇ. ಮಣೆಯ ಮೇಲೆ ಕೂತು ಎರಡೂ ಕಾಲು ಉದ್ದಕ್ಕೆ ಚಾಚುತ್ತಾಳೆ. ಮೊಣಕಾಲಿನ ಕೆಳಗೆ ಎರಡು ಕಾಲುಗಳ ನಡುವಿನ ಹಳ್ಳವೇ ಮಗುವಿನ ತೊಟ್ಟಿಲು. ತೆಂಗಿನೆಣ್ಣೆಯನ್ನು ಕೆಂಡದ ಹತ್ತಿರ ಇಟ್ಟು ಉಗುರುಬೆಚ್ಚಗೆ ಮಾಡಿ, ಮೊದಲು ತನ್ನ ಅಂಗೈಗೆ ಹಚ್ಚಿ ನೋಡಿಕೊಳ್ಳುತ್ತಾಳೆ. ಎದೆಯಿಂದ ಭುಜಕ್ಕೆ, ಭುಜದಿಂದ ಬೆರಳ ತುದಿಗೆ, ಹೊಟ್ಟೆಯ ಮೇಲೆ ಸುತ್ತು, ತೊಡೆಯಿಂದ ಪಾದಕ್ಕೆ. ಆಮೇಲೆ ಮಗುವನ್ನು ಕವುಚಿ ಹಾಕಿ ಕುತ್ತಿಗೆಯಿಂದ ಸೊಂಟದವರೆಗೆ. ಬಾಯಲ್ಲಿ ಏನೋ ಗುನುಗು. ಎರಡನೆಯ ದಿನದಿಂದ ಕೂಸು ಅವಳ ಕೈಗೆ ಬಂದ ಕೂಡಲೇ ಅಳು ನಿಲ್ಲಿಸುತ್ತಿತ್ತು.

ಒಂಬತ್ತನೆಯ ದಿನ ಅವಳು ಒಂದು ಮಾತು ಹೇಳಿದಳು. “ಹೆಗಡೇರೇ, ಈ ಮಗು ಬಲಕ್ಕೇ ತಿರುಗ್ತದೆ ನೋಡಿ. ಎಡಕ್ಕೆ ತಿರುಗಿಸ್ಲಿಕ್ಕೆ ಹೋದ್ರೆ ಕುತ್ತಿಗೆ ಗಟ್ಟಿ ಮಾಡ್ತದೆ. ನಾ ಎಳೆಯೂದಿಲ್ಲ, ಡಾಕ್ಟರಿಗೆ ತೋರ್ಸಿ.” ಎಳೆಯುವುದಿಲ್ಲ ಎಂದಳಲ್ಲ, ಆ ಮಾತಿಗೆ ನಾನು ಅವಳಿಗೆ ಋಣಿ.

ಮನೆಯೊಳಗೆ ಆಗ ಬೇರೆಯದೇ ಓಡುತ್ತಿತ್ತು. ಮಗಳ ಬೆಂಗಳೂರಿನ ಗೆಳತಿ ಫೋನಿನಲ್ಲಿ, ಇದು ಟಂಗ್ ಟೈ, ಕತ್ತರಿಸುವ ಮುಂಚೆ ನಾಲ್ಕು ಸಲ, ಕತ್ತರಿಸಿದ ಮೇಲೆ ನಾಲ್ಕು ಸಲ ಬಾಡಿವರ್ಕ್ ಮಾಡಿಸಲೇಬೇಕು ಎಂದಿದ್ದಳು. ಒಂದೊಂದು ಸಲಕ್ಕೂ ಸಾವಿರಗಟ್ಟಲೆ ಶುಲ್ಕ. ಒಂಬತ್ತು ದಿನದ ಮಗುವನ್ನು ನಾನೂರು ಕಿಲೋಮೀಟರ್ ಕರೆದೊಯ್ಯುವ ಮಾತು. ಹೆಂಡತಿಯದು ಇನ್ನೊಂದು: “ಎಣ್ಣೆ-ನೀರು ಸರಿ ಆದ್ರೆ ಎಲ್ಲ ಸರಿ ಆಗ್ತು, ನೀ ಹೆದರಡ.” ಹಿರಿಯರೊಬ್ಬರು ಬಜೆ ತೇಯ್ದು ನಾಲಿಗೆಗೆ ಮುಟ್ಟಿಸಿದರೆ ನಾಲಿಗೆ ಸಡಿಲವಾಗುತ್ತದೆ ಎಂದರು. ಮರುದಿನ ಬೆಳಿಗ್ಗೆ ಕಾರು ಮಾಡಿಸಿ ಶಿರಸಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು.

ಅವರು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಮನೆಯವರೂ ಇಷ್ಟನ್ನು ಕೇಳಿ ಮಾಡಿಸಿಕೊಳ್ಳಬಹುದು. ಕೈ ತೊಳೆದು, ಕಿರುಬೆರಳನ್ನು ಮಗುವಿನ ಬಾಯೊಳಗೆ ಇಟ್ಟು ಚೀಪಲು ಬಿಟ್ಟರು. ನಾಲಿಗೆ ಕೆಳಗಿನ ಒಸಡನ್ನು ದಾಟಿ ಮುಂದೆ ಬರುತ್ತದೆಯೇ, ಅಳುವಾಗ ಮೇಲೆ ಏಳುತ್ತದೆಯೇ ನೋಡಿದರು. ನಾಲಿಗೆಯ ಕೆಳಗೆ ದಾರದಂಥದ್ದು ಇತ್ತು. “ಇದು ನನಗೂ ಇದೆ, ನಿಮಗೂ ಇದೆ,” ಎಂದರು. ಆಮೇಲೆ ಕೇಳಿದ್ದು ನಮಗೆ ಆಶ್ಚರ್ಯ ತಂದಿತು: “ಈಗ ಹಾಲೂಡಿಸಿ, ನಮ್ಮ ಸಿಸ್ಟರ್ ನೋಡಲಿ.”

ಸಿಸ್ಟರ್ ಮಗಳ ಪಕ್ಕ ಮುಕ್ಕಾಲು ಗಂಟೆ ಕೂತರು. ಮಳೆಗಾಲದ ಚಳಿಗೆಂದು ನಾವು ಕೂಸನ್ನು ಮೂರು ಬಟ್ಟೆಯಲ್ಲಿ ಕೊಟ್ಟೆ ಕಟ್ಟಿದ ಹಾಗೆ ಸುತ್ತಿದ್ದೆವು. ಅದನ್ನು ಬಿಚ್ಚಿಸಿದರು. ಮಗಳು ಬೆನ್ನು ಬಗ್ಗಿಸಿ ಮೊಲೆಯನ್ನು ಮಗುವಿನತ್ತ ಒಯ್ಯುತ್ತಿದ್ದಳು. ಅವಳನ್ನು ಹಿಂದಕ್ಕೆ ಒರಗಿಸಿ, ಮಗುವನ್ನೇ ಎದೆಗೆ ತಂದರು. ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಬೇಕು. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಮೂಗಿನ ನೇರಕ್ಕೆ ತೊಟ್ಟು ಹಿಡಿದರೆ ಮಗು ಬಾಯಿ ದೊಡ್ಡದಾಗಿ ತೆರೆಯುತ್ತದೆ, ಆಗ ಗಲ್ಲ ಮೊದಲು ತಾಗುವಂತೆ ಹತ್ತಿರ ಒತ್ತಬೇಕು. ತೊಟ್ಟೊಂದೇ ಬಾಯಿಗೆ ಹೋದರೆ ತಾಯಿಗೆ ನೋವು, ಮಗುವಿಗೆ ಹಸಿವು. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು.

ಎದೆಗೆ ಬಿಡುವಾಗ ಒಂದು ಬದಿಯಲ್ಲಿ ಮಾತ್ರ ಕೂಸು ಹೊರಳಾಡುವುದು ಸಿಸ್ಟರಿಗೂ ಕಂಡಿತು. ಮೀಯಿಸುವವಳ ಮಾತನ್ನು ನಾನು ಹೇಳಿದೆ. ಡಾಕ್ಟರು ಕುತ್ತಿಗೆಯ ಎರಡೂ ಬದಿ ಬೆರಳಾಡಿಸಿ, ಒಂದು ಸ್ನಾಯು ಸ್ವಲ್ಪ ಬಿಗಿ ಇದೆ, ಗಡ್ಡೆ ಇಲ್ಲ ಎಂದರು. ಗರ್ಭದಲ್ಲಿ ಒಂದೇ ಭಂಗಿಯಲ್ಲಿ ಇದ್ದ ಮಕ್ಕಳಲ್ಲಿ ಇದು ಕಾಣುತ್ತದಂತೆ. ಆ ಬದಿಗೆ ತಿರುಗಲು ಆಗದ ಮಗು ಎದೆಯನ್ನು ಅರ್ಧಂಬರ್ಧ ಹಿಡಿಯುತ್ತದೆ. ಅದಕ್ಕೆ ಆ ಬದಿಯಲ್ಲಿ ಮಗುವನ್ನು ಕಂಕುಳ ಕೆಳಗೆ, ಕೊಡೆ ಹಿಡಿದ ಹಾಗೆ ಹಿಡಿದು ಹಾಲೂಡಿಸಲು ಕಲಿಸಿದರು. ಎಚ್ಚರ ಇರುವಾಗ ದಿನಕ್ಕೆ ನಾಲ್ಕಾರು ಸಲ ತಾಯಿಯ ಎದೆಯ ಮೇಲೆ ಕವುಚಿ ಮಲಗಿಸಿ, ಎಡದಿಂದ ಮಾತಾಡಿಸಿ ಎಂದರು. ಎರಡು ವಾರದಲ್ಲಿ ಬಿಗಿ ಬಿಡದಿದ್ದರೆ ಫಿಸಿಯೋಥೆರಪಿ.

ಅಷ್ಟರವರೆಗೆ ಹೊಟ್ಟೆ ತುಂಬಬೇಕಲ್ಲ? ಪ್ರತಿ ಸಲ ಎದೆಗೆ ಹಾಕಿದ ಮೇಲೆ ಕೈಯಿಂದ ಹಾಲು ಹಿಂಡಿ ತೆಗೆದು ಕುಡಿಸಿ, ಬಾಟಲಿ ಬೇಡ, ಪಾಲಡೆ ತನ್ನಿ ಎಂದರು ಸಿಸ್ಟರ್. ಪಾಲಡೆ ಎಂದರೆ ಏನೆಂದು ಮಗಳಿಗೆ ತಿಳಿಯಲಿಲ್ಲ. ಡಬ್ಬಿಯಿಂದ ಹೊರತೆಗೆದು ತೋರಿಸಿದಾಗ ಹೆಂಡತಿ, “ಇದು ನಮ್ಮ ಒಳಲೆ!” ಎಂದಳು. ಹೌದು, ಉದ್ದ ಮೂತಿಯ ಅದೇ ಒಳಲೆ. ನಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಬೆಳ್ಳಿಯದೊಂದು ಕಪ್ಪಾಗಿ ಕೂತಿತ್ತು. ದೇಶದ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇವತ್ತಿಗೂ ಹಾಲು ಕುಡಿಸುವುದು ಇದರಲ್ಲೇ. ಬಾಟಲಿ, ಲೋಟ, ಒಳಲೆ ಮೂರನ್ನೂ ಹೋಲಿಸಿ ನಮ್ಮ ದೇಶದಲ್ಲೇ ಮಾಡಿದ, 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಡಿಮೆ ಹೊತ್ತಿನಲ್ಲಿ, ಕಡಿಮೆ ಚೆಲ್ಲಿ, ಹೆಚ್ಚು ಹಾಲು ಮಗುವಿನ ಹೊಟ್ಟೆಗೆ ಹೋದದ್ದು ಒಳಲೆಯಿಂದ. ಮಗುವನ್ನು ತಲೆ ಎತ್ತರಿಸಿ ಹಿಡಿದು, ಮೂತಿಯನ್ನು ಬಾಯಿಯ ಅಂಚಿಗೆ ಇಟ್ಟು, ಗುಟುಕು ಗುಟುಕಾಗಿ ಬಿಡಬೇಕು. ಸುರಿಯಬಾರದು. ಪ್ರತಿ ಸಲವೂ ಕುದಿಸಿ ತೊಳೆಯಬೇಕು.

ಲೆಡ್ಜರಿನ ಮುಂದಿನ ಪುಟಗಳು ಹೀಗಿವೆ. ಹದಿನಾಲ್ಕನೆಯ ದಿನ 2 ಕಿಲೋ 710. ಇಪ್ಪತ್ತೊಂದಕ್ಕೆ 2 ಕಿಲೋ 920. ಹುಟ್ಟಿದ ತೂಕ ದಾಟಿತು, ಅಂದು ಮನೆಯಲ್ಲಿ ಪಾಯಸ. ಇಪ್ಪತ್ತೆಂಟಕ್ಕೆ 3 ಕಿಲೋ 130. ನಲವತ್ತೆರಡಕ್ಕೆ 3 ಕಿಲೋ 540. ದಿನಕ್ಕೆ ಸುಮಾರು ಮೂವತ್ತು ಗ್ರಾಂ, ಆ ವಯಸ್ಸಿಗೆ ಇರಬೇಕಾದ್ದೇ. ಮೂರನೆಯ ವಾರದ ಕೊನೆಗೆ ಒಳಲೆ ಮತ್ತೆ ಅಟ್ಟ ಸೇರಿತು. ಕುತ್ತಿಗೆಯೂ ತಾನಾಗಿ ಸಡಿಲಾಯಿತು. ನಾಲಿಗೆಯ ದಾರವನ್ನು ಯಾರೂ ಮುಟ್ಟಲಿಲ್ಲ.

ಹಾಗಾದರೆ ಗುಣ ಮಾಡಿದ್ದು ಯಾವುದು? ಹೆಂಡತಿ ಎಣ್ಣೆ-ನೀರು ಎನ್ನುತ್ತಾಳೆ. ಮಗಳು ಸಿಸ್ಟರ್ ಎನ್ನುತ್ತಾಳೆ. ಅಳಿಯ ಒಳಲೆ ಎನ್ನುತ್ತಾನೆ. ಇಲ್ಲಿ ಗುಮಾಸ್ತನ ತಕರಾರು ಒಂದಿದೆ. ಒಂದೇ ದಿನ ಒಂದೇ ಖಾತೆಗೆ ನಾಲ್ಕು ಕಡೆಯಿಂದ ಹಣ ಬಂದು, ಒಂದಕ್ಕೂ ಚೀಟಿ ಇಲ್ಲದಿದ್ದರೆ, ಯಾರು ಎಷ್ಟು ಕಟ್ಟಿದರೆಂದು ಬಾಕಿ ನೋಡಿ ಹೇಳಲಾಗುವುದಿಲ್ಲ. ಜೊತೆಗೆ ದಿನ ಕಳೆದಂತೆ ಮಗು ತಾನೇ ಕಲಿಯುತ್ತದೆ, ಅದೂ ಒಂದು ಜಮೆ. ಬಾಡಿವರ್ಕಿನಿಂದ ಗುಣವಾಯಿತು ಎನ್ನುವ ತಾಯಂದಿರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಖಾತೆಗೂ ಅದೇ ವಾರ ಬೇರೆ ಜಮೆಗಳು ಬಿದ್ದಿರುತ್ತವೆ.

ಅದಕ್ಕೇ ಸಂಶೋಧಕರು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಟ್ಟಂತೆ ಮಾಡಿ ನೋಡುತ್ತಾರೆ. ಹಾಲು ಹಿಡಿಯಲು ಕಷ್ಟಪಡುವ 97 ಮಕ್ಕಳ ಮೇಲೆ ಕೆನಡಾದ ಕ್ವಿಬೆಕ್‌ನಲ್ಲಿ ಹೀಗೆ ಮಾಡಿದರು. ಎಲ್ಲರಿಗೂ ಹಾಲೂಡಿಸುವ ಸಲಹೆ ಸಿಕ್ಕಿತ್ತು, ಅರ್ಧ ಮಕ್ಕಳಿಗೆ ಆಸ್ಟಿಯೋಪಥಿಯ ಹಗುರ ಕೈಯೂ ಸಿಕ್ಕಿತು. ಅವರು ಎದೆ ಹಿಡಿಯುವುದು ಸ್ವಲ್ಪ ಹೆಚ್ಚು ಸುಧಾರಿಸಿತು ಎಂದು 2017ರಲ್ಲಿ ವರದಿ ಬಂತು. ಫ್ರಾನ್ಸಿನಲ್ಲಿ 128 ತಾಯಿ-ಮಗುವಿನ ಜೋಡಿಗಳ ಮೇಲೆ ಇಂಥದ್ದೇ ಪರೀಕ್ಷೆ ನಡೆಸಿ, ಒಂದು ತಿಂಗಳ ಹೊತ್ತಿಗೆ ಎದೆಹಾಲನ್ನೇ ಕುಡಿಯುತ್ತಿರುವ ಮಕ್ಕಳ ಲೆಕ್ಕ ತೆಗೆದರು. ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಅದು ಪ್ರಕಟವಾದದ್ದು 2021ರಲ್ಲಿ. ಒಂದು ಹೌದು, ಒಂದು ಇಲ್ಲ. ಇಷ್ಟು ಆಧಾರದ ಮೇಲೆ ‘ಮಾಡಿಸಲೇಬೇಕು’ ಎಂದು ಬಾಣಂತಿಯನ್ನು ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ.

ಈ ವಿದ್ಯೆಯ ಮೂಲ ಅಮೆರಿಕ. ತಲೆಬುರುಡೆಯ ಎಲುಬುಗಳಲ್ಲಿ ಸೂಕ್ಷ್ಮ ಚಲನೆ ಇದೆ, ಅದನ್ನು ಕೈಯಿಂದ ತಿದ್ದಬಹುದು ಎಂದು ವಿಲಿಯಂ ಸದರ್‌ಲ್ಯಾಂಡ್ ಎಂಬ ಆಸ್ಟಿಯೋಪಥ್ ಕಳೆದ ಶತಮಾನದ ಮೊದಲ ಭಾಗದಲ್ಲಿ ಹೇಳಿದರು. 1970ರ ದಶಕದಲ್ಲಿ ಜಾನ್ ಅಪ್‌ಲೆಡ್ಜರ್ ಅದನ್ನೇ ‘ಕ್ರೇನಿಯೋಸೇಕ್ರಲ್’ ಎಂಬ ಹೆಸರಿನಲ್ಲಿ ಬೆಳೆಸಿದರು. ಅವರ ಪ್ರಕಾರ ಒತ್ತಡ ಐದು ಗ್ರಾಂ ಮೀರಬಾರದು, ಅಂದರೆ ನಮ್ಮ ಹಳೆಯ ಸ್ಟೀಲಿನ ಒಂದು ರೂಪಾಯಿ ನಾಣ್ಯದ ಭಾರ. ಸಿದ್ಧಾಂತವನ್ನು ವಿಜ್ಞಾನಿಗಳು ಒಪ್ಪಿಲ್ಲ. ಆದರೆ ಅಷ್ಟು ಹಗುರ ಕೈಯಿಂದ ಮಗುವಿಗೆ ಕೇಡೂ ಆಗಲಾರದು; ಕೇಡು ಆಗುವುದು ಕಾಯುತ್ತ ಕೂತು ತೂಕ ಇಳಿದಾಗ. ಬೆನ್ನು, ಕುತ್ತಿಗೆಯನ್ನು ‘ಲಟಕ್’ ಎನ್ನಿಸುವ ಪದ್ಧತಿ ಬೇರೆಯೇ, ಅದರ ಹತ್ತಿರ ಹೋಗಲೇಬಾರದು. ಆಸ್ಟ್ರೇಲಿಯಾದಲ್ಲಿ ಕೈರೋಪ್ರಾಕ್ಟರ್ ಒಬ್ಬರು ಎರಡು ವಾರದ ಮಗುವಿನ ಬೆನ್ನೆಲುಬು ಸರಿಪಡಿಸಹೊರಟ ವಿಡಿಯೋ ಹೊರಬಂದು ಗಲಾಟೆಯಾದ ಮೇಲೆ, 2019ರಲ್ಲಿ ಅಲ್ಲಿನ ಮಂಡಳಿಯೇ ಎರಡು ವರ್ಷದೊಳಗಿನವರಿಗೆ ಹಾಗೆ ಮಾಡದಂತೆ ತಡೆ ಹಾಕಬೇಕಾಯಿತು.

ಇನ್ನು ದಾರದ ವಿಷಯ. ಅದು ದಾರವೇ ಅಲ್ಲ ಎಂದು 2019ರಲ್ಲಿ ನ್ಯೂಜಿಲೆಂಡಿನ ವೈದ್ಯೆ ನಿಕ್ಕಿ ಮಿಲ್ಸ್ ಮತ್ತು ಸಂಗಡಿಗರು ತೋರಿಸಿದರು. ಬಾಯಿಯ ತಳಕ್ಕೆ ಹಾಸಿದ ತೆಳು ಪೊರೆಯೊಂದು ನಾಲಿಗೆ ಎತ್ತಿದಾಗ ಮಡಿಕೆಯಾಗಿ ಮೇಲೇಳುತ್ತದೆ, ಟೆಂಟಿನ ಬಟ್ಟೆಯ ನಡುವೆ ಕೋಲು ಎತ್ತಿದ ಹಾಗೆ. ಎಲ್ಲರಲ್ಲೂ ಇದೆ. ಕೆಲವರಲ್ಲಿ ಅದು ನಾಲಿಗೆಯ ತುದಿಯವರೆಗೆ ಬಂದು ಬಿಗಿಯಾಗಿ ಹಿಡಿದಿರುತ್ತದೆ. ಬೆನ್ನಿಗೆ, ತಲೆಗೆ ಎಣ್ಣೆ ತಿಕ್ಕಿದರೆ ಆ ಪೊರೆ ಉದ್ದವಾಗುವುದಿಲ್ಲ. ಬಜೆ ಹಚ್ಚಿದರೂ ಇಲ್ಲ.

ಬಿಗಿ ನಿಜವಾಗಿದ್ದಾಗ ಕತ್ತರಿಯೇ ಮದ್ದು. ಯಲ್ಲಾಪುರದಲ್ಲಿರುವ ನನ್ನ ಭಾವನ ಮನೆಯಲ್ಲಿ ಎರಡು ವರ್ಷದ ಹಿಂದೆ ಹುಟ್ಟಿದ ಮಾಣಿಗೆ ಅಳುವಾಗ ನಾಲಿಗೆಯ ತುದಿ ಹೃದಯದ ಚಿತ್ರದ ಹಾಗೆ ಸೀಳಿದಂತೆ ಕಾಣುತ್ತಿತ್ತು. ನಾಲಿಗೆ ಒಸಡು ದಾಟುತ್ತಲೇ ಇರಲಿಲ್ಲ. ಹಿಡಿಯುವ ಭಂಗಿ ಬದಲಿಸಿ ನೋಡಿದರು, ಆಗಲಿಲ್ಲ. ತಾಯಿಯ ಗಾಯ ಮಾಯಲೇ ಇಲ್ಲ. ಇಪ್ಪತ್ತನೆಯ ದಿನ ಹುಬ್ಬಳ್ಳಿಗೆ ಒಯ್ದರು, ಎಪ್ಪತ್ತು ಕಿಲೋಮೀಟರ್. ಕಿವಿ-ಮೂಗು-ಗಂಟಲಿನ ವೈದ್ಯರು ಕತ್ತರಿಯಿಂದ ಒಮ್ಮೆ ಸೀಳಿದರು. ಒಂದು ನಿಮಿಷವೂ ಹಿಡಿಯಲಿಲ್ಲವಂತೆ, ಎರಡು ಹನಿ ರಕ್ತ, ಕೂಡಲೇ ತಾಯಿಯ ಎದೆಗೆ. ಆ ಸಲವೇ ನೋವು ಕಡಿಮೆಯಾಯಿತು ಎಂದು ಅವಳು ನನ್ನ ಹೆಂಡತಿಗೆ ಹೇಳಿದಳು. ಇದಕ್ಕೆ ಹೊಂದುವ ಮಾತು ಸಂಶೋಧನೆಯಲ್ಲೂ ಇದೆ: ಐದು ಅಧ್ಯಯನಗಳ 302 ಮಕ್ಕಳ ವಿವರ ಒಟ್ಟುಗೂಡಿಸಿದ 2017ರ ಕಾಕ್ರೇನ್ ವರದಿಯಲ್ಲಿ, ಕತ್ತರಿಸಿದ ಮೇಲೆ ತಾಯಿಯ ನೋವು ತತ್ಕಾಲಕ್ಕೆ ಕಡಿಮೆಯಾದದ್ದು ಕಂಡಿತು. ಮಗು ಹಾಲು ಕುಡಿಯುವುದು ಮಾತ್ರ ಪ್ರತಿ ಅಧ್ಯಯನದಲ್ಲೂ ಸುಧಾರಿಸಲಿಲ್ಲ.

2024ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದರ ಬಗ್ಗೆ ವರದಿ ಹೊರಡಿಸಿತು. ಟಂಗ್ ಟೈ ಲಕ್ಷಣ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಗೆ ಮಾತ್ರ ಹಾಲು ಕುಡಿಯಲು ತೊಂದರೆ ಆಗುತ್ತದೆ; ಮೊದಲು ಹಾಲೂಡಿಸುವ ರೀತಿ ತಿದ್ದಿ ನೋಡಿ, ತೊಂದರೆಗೆ ಬೇರೆ ಕಾರಣ ಇದೆಯೇ ಹುಡುಕಿ, ಆಮೇಲೆ ಕತ್ತರಿಯ ಯೋಚನೆ ಮಾಡಿ ಎಂಬುದು ಅದರ ಸಾರ. ಮುಂದೆ ಮಾತು ತೊದಲಬಾರದೆಂದು ಈಗಲೇ ಕತ್ತರಿಸುವುದಕ್ಕೆ ಆಧಾರವಿಲ್ಲ ಎಂದೂ ಹೇಳಿದೆ. ನಮ್ಮ ಅಜ್ಜಿಯರು ಹೇಳುವ ‘ಮಾತು ಬರೂದಿಲ್ಲ’ ಎಂಬ ಹೆದರಿಕೆ ಅಮೆರಿಕದಲ್ಲೂ ಇರುವುದು ಕಂಡು ನನಗೆ ನಗು ಬಂತು. ಹಳೆಯ ಕಾಲದ ಯುರೋಪಿನಲ್ಲಂತೂ ಕೆಲವು ಸೂಲಗಿತ್ತಿಯರು ಒಂದು ಬೆರಳಿನ ಉಗುರನ್ನು ಉದ್ದ ಬಿಟ್ಟು ಹರಿತ ಮಾಡಿ ಇಟ್ಟುಕೊಳ್ಳುತ್ತಿದ್ದರು, ಹುಟ್ಟಿದ ಮಗುವಿನ ನಾಲಿಗೆಯ ಕೆಳಗೆ ಗೀರಲು. ಮನೆಯಲ್ಲಿ ಯಾರೂ ಬ್ಲೇಡು, ಉಗುರು ಮುಟ್ಟಿಸಬಾರದು ಎಂದು ಬೇರೆ ಹೇಳಬೇಕಿಲ್ಲ. ಆ ಜಾಗದಲ್ಲಿ ರಕ್ತನಾಳವೂ ಜೊಲ್ಲಿನ ನಾಳವೂ ಇವೆ.

ಎಣ್ಣೆ-ನೀರನ್ನು ನಾನು ಹಗುರ ಮಾಡುತ್ತಿದ್ದೇನೆ ಎಂದು ಮನೆಯಲ್ಲಿ ಆಕ್ಷೇಪ ಬಂದಿದೆ. ಇಲ್ಲ. ಮುಂಬಯಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೆಂಗಿನೆಣ್ಣೆ ತಿಕ್ಕಿಸಿಕೊಂಡ, ದಿನ ತುಂಬದೆ ಹುಟ್ಟಿದ ಮಕ್ಕಳು ಖನಿಜ ತೈಲದ ಗುಂಪಿಗಿಂತ ಬೇಗ ತೂಕ ಏರಿದರು. ಫ್ರೆಡರಿಕ್ ಲೆಬೊಯೆ ಎಂಬ ಫ್ರೆಂಚ್ ವೈದ್ಯರು ಕಲ್ಕತ್ತೆಯಲ್ಲಿ ಒಬ್ಬ ತಾಯಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತಿಕ್ಕುವುದನ್ನು ನೋಡಿ ಬೆರಗಾಗಿ, ಫೋಟೋ ತೆಗೆದು, ಅವಳ ಹೆಸರನ್ನೇ ಇಟ್ಟು 1976ರಲ್ಲಿ ‘ಶಾಂತಲಾ’ ಎಂಬ ಪುಸ್ತಕ ಮಾಡಿದರು. ಬೇಲೂರಿನ ನಮ್ಮ ಶಾಂತಲೆ ಅಲ್ಲ, ಬಂಗಾಳದ ಒಬ್ಬ ಬಡ ತಾಯಿ. ಬ್ರೆಜಿಲಿನಲ್ಲಿ ಇಂದಿಗೂ ಮಕ್ಕಳ ಎಣ್ಣೆ ತಿಕ್ಕಾಟಕ್ಕೆ ‘ಶಾಂತಲಾ’ ಎಂದೇ ಹೆಸರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಂಥ ಕೈಗಳಿಗೆ ತಿಳುವಳಿಕೆ ಇದೆ. ಎಷ್ಟೋ ವರ್ಷದ ಕಸುಬಿನಿಂದ, ಒಂದು ಮಗು ಬಲಕ್ಕೇ ತಿರುಗುತ್ತದೆ ಎಂದು ನಮಗಿಂತ ಮೊದಲು ಕಂಡದ್ದು ಅಂಥದ್ದೇ ಕೈಗೆ.

ಹಾಗೆಂದು ಎಲ್ಲ ಕೈಯೂ ಒಂದೇ ಅಲ್ಲ. ಸಿದ್ದಾಪುರದ ನನ್ನ ಹಳೆಯ ಸಹೋದ್ಯೋಗಿಯ ಮೊಮ್ಮಗನಿಗೆ ಮೀಯಿಸುವಾಗ ಮೂಗು ಬಿಡಿಸಲೆಂದು ಎಣ್ಣೆ ಬಿಟ್ಟರು. ಅದು ಶ್ವಾಸಕೋಶಕ್ಕೆ ಇಳಿದು, ಕೆಮ್ಮು ಹತ್ತಿ, ಎಂಟು ದಿನ ಆಸ್ಪತ್ರೆ. ಮೂಗಿಗೆ, ಕಿವಿಗೆ ಎಣ್ಣೆ ಬೇಡ. ಹುಟ್ಟಿದ ಮಗುವಿನ ಎದೆಯಲ್ಲಿ ಊತ ಕಂಡರೆ ಹಿಂಡಬಾರದು, ಅದು ತಾಯಿಯ ಹಾರ್ಮೋನಿನಿಂದ ಬಂದದ್ದು, ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಮೂಗು ನೇರ ಮಾಡುವುದು, ತಲೆ ಒತ್ತಿ ದುಂಡು ಮಾಡುವುದು, ಕಾಲು ಹಿಡಿದು ತಲೆಕೆಳಗೆ ತೂಗುವುದು ಬೇಡ. ಮಿಂದ ಮೇಲೆ ಕೋಣೆ ತುಂಬ ಸಾಂಬ್ರಾಣಿ ಹೊಗೆ ಬೇಡ. ಒಂದು ವರ್ಷದೊಳಗೆ ಜೇನು ಖಂಡಿತ ಬೇಡ, ನಮ್ಮ ಕಾಡಿನ ತುಡುವೆ ಜೇನಾದರೂ ಬೇಡ. ಆ ವಯಸ್ಸಿನ ಕರುಳಿನಲ್ಲಿ ಅದರೊಳಗಿನ ಒಂದು ಬಗೆಯ ಸೂಕ್ಷ್ಮಾಣು ವಿಷ ಉಂಟುಮಾಡಬಲ್ಲದು. ಮಗುವಿಗೆ ಹಸಿವಾಗಿರುವಾಗ ಎಣ್ಣೆ ಹಚ್ಚಲು ಕೂರಿಸಬೇಡಿ, ಹೊಟ್ಟೆ ತುಂಬಿದ ಕೂಡಲೇ ಸಹ ಬೇಡ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಹಾಲೂಡಿಸುವುದನ್ನು ಪಕ್ಕ ಕೂತು ಕಲಿಸುವವರು ಬೇಕೆಂದರೆ ಎಲ್ಲಿ ಹುಡುಕುವುದು? ಬೆಂಗಳೂರಿನ ಹಾಗೆ ಅದಕ್ಕೇ ಅಂಗಡಿ ತೆರೆದವರು ಇಲ್ಲಿಲ್ಲ. ಆದರೆ ಸರ್ಕಾರಿ ವ್ಯವಸ್ಥೆಯಲ್ಲಿ ಇರುವುದನ್ನೇ ನಾವು ಬಳಸುವುದು ಕಡಿಮೆ. ಆಶಾ ಕಾರ್ಯಕರ್ತೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನ ಮನೆಗೆ ಬರಬೇಕು, ತೂಗಬೇಕು. ದುಡ್ಡಿಲ್ಲ. ಎಷ್ಟೋ ಮನೆಗಳಲ್ಲಿ ಅವಳನ್ನು ಜಗಲಿಯಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸುತ್ತಾರೆ, ಮೈಲಿಗೆಯೋ ದೃಷ್ಟಿಯೋ ಏನೋ ಒಂದು ನೆಪ. ಒಳಗೆ ಕರೆಯಿರಿ, ಅವಳ ಎದುರೇ ಒಂದು ಸಲ ಹಾಲೂಡಿಸಿ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮೊದಲು ಅಲ್ಲಿನ ಸಿಸ್ಟರನ್ನೂ ಕೇಳಬಹುದು, ಹೇಗೂ ಎರಡು ಮೂರು ದಿನ ಅಲ್ಲೇ ಇರುತ್ತೇವೆ. ಮಗು ದಿನಕ್ಕೆ ಎಂಟು ಸಲಕ್ಕಿಂತ ಕಡಿಮೆ ಕುಡಿದರೆ, ಒದ್ದೆ ಆರಕ್ಕಿಂತ ಕಡಿಮೆಯಾದರೆ, ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬರದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಬೇಕು. ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಮೈ ಹಳದಿ ಏರುತ್ತಿದ್ದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ ಅದೇ ಗಳಿಗೆಯಲ್ಲಿ ಹೊರಡಬೇಕು. ಆ ಹೊತ್ತಿಗೆ ಎಣ್ಣೆಯೂ ಇಲ್ಲ, ಬಾಡಿವರ್ಕೂ ಇಲ್ಲ.

ನಮ್ಮ ಮೀಯಿಸುವವಳು ಈಗ ದಿನಕ್ಕೆ ಎರಡೇ ಮನೆ ಒಪ್ಪಿಕೊಳ್ಳುತ್ತಾಳೆ. ಮಣೆಯಿಂದ ಏಳುವಾಗ ಮೊಣಕಾಲು ಹಿಡಿಯುತ್ತದೆ. ಸೊಸೆಗೆ ಈ ಕೆಲಸ ಬೇಡ, ಅವಳು ಶಿರಸಿಯಲ್ಲಿ ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಹೋದ ತಿಂಗಳು ದಾರಿಯಲ್ಲಿ ಸಿಕ್ಕಿ, ಹೊಸ ಮನೆಗೆ ಹೋದಾಗ ಮೊದಲು ಕೇಳುವುದು ಒದ್ದೆ ಎಷ್ಟು ಎಂದು, ಆಮೇಲೇ ಎಣ್ಣೆ ಕಾಯಿಸುವುದು ಎಂದಳು.